ಮನೆ ನೆಲದ ಕೆಳಗೆ ಮಗುವಿನ ಮಡಕೆ: ಇನಾಮಗಾಂವ್ ನೋಡಿ ಬಂದ ಮೇಲೆ ಒಂದು ಪ್ರಶ್ನೆ

ಭೀಮಾತೀರ
ಕೆಲಸದ ಮೇಲೆ ಪುಣೆಗೆ ಬಂದು ಆರು ವರ್ಷ ಆಯಿತು, ಮೂಲ ಕಲಬುರಗಿ ಕಡೆ. ಹೋದ ಭಾನುವಾರ ಬೈಕ್ ತೆಗೆದುಕೊಂಡು ಇನಾಮಗಾಂವ್‌ಗೆ ಹೋಗಿದ್ದೆ. ಪುಣೆಯಿಂದ ಪೂರ್ವಕ್ಕೆ ಸುಮಾರು 80 ಕಿ.ಮೀ., ಶಿರೂರು ತಾಲ್ಲೂಕು, ಘೋಡ್ ನದಿ ದಂಡೆ. ಘೋಡ್ ಹೋಗಿ ಭೀಮೆಗೆ ಸೇರುತ್ತದೆ, ಭೀಮೆ ನಮ್ಮ ಊರ ಕಡೆ ಬರುತ್ತದೆ. ಹಾಗಾಗಿ ಸ್ವಲ್ಪ ಮನೆ ನೀರಿನ ಅಭಿಮಾನ.

ಮೊದಲೇ ಹೇಳಿಬಿಡುತ್ತೇನೆ, ಅಲ್ಲಿ ನೋಡುವುದಕ್ಕೆ ಏನೂ ಇಲ್ಲ. ದಿಬ್ಬ, ಹೊಲ, ಬಿಸಿಲು, ಅಷ್ಟೇ. ಆದರೆ ಆ ದಿಬ್ಬದ ಕೆಳಗೆ ಒಂದು ಇಡೀ ಹಳ್ಳಿ ಇತ್ತು. ಸುಮಾರು 3600 ವರ್ಷದ ಹಿಂದೆ ಜನ ಬಂದು ನೆಲೆ ನಿಂತರು. 2700 ವರ್ಷದ ಹಿಂದಿನ ಹೊತ್ತಿಗೆ ಬಿಟ್ಟು ಹೋದರು. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವದವರು 1968ರಿಂದ 1983ರವರೆಗೆ ಅಗೆದರು. ಸಾಂಕಳಿಯಾ, ಧವಳೀಕರ್, ಅನ್ಸಾರಿ ಇವರೆಲ್ಲ ಇದ್ದ ಕಾಲ. 130ಕ್ಕೂ ಹೆಚ್ಚು ಮನೆಗಳ ಪಾಯ ಸಿಕ್ಕಿತು.

ನನ್ನ ತಲೆ ತಿನ್ನುತ್ತಿರುವುದು ಮನೆಗಳಲ್ಲ, ಮಡಕೆಗಳು. ಮಗು ಸತ್ತರೆ ಎರಡು ದೊಡ್ಡ ಮಡಕೆ ತರುತ್ತಿದ್ದರು. ಬೂದು ಬಣ್ಣದ ಒರಟು ಮಡಕೆ. ಮಗುವನ್ನು ಒಳಗಿಟ್ಟು, ಎರಡರ ಬಾಯಿಗೆ ಬಾಯಿ ಸೇರಿಸಿ, ಗುಂಡಿಯಲ್ಲಿ ಅಡ್ಡ ಮಲಗಿಸುತ್ತಿದ್ದರು. ಗುಂಡಿ ಎಲ್ಲಿ? ಊರಾಚೆ ಅಲ್ಲ, ಮನೆಯ ಒಳಗೇ, ನೆಲದ ಕೆಳಗೆ. ಮೇಲೆ ಮಣ್ಣು ಬಡಿದು, ಸಾರಿಸಿ, ಅಲ್ಲೇ ಒಲೆ ಹಚ್ಚಿ, ಅಲ್ಲೇ ಮಲಗುತ್ತಿದ್ದರು. ಜೊತೆಗೆ ಒಂದು ಬಟ್ಟಲು, ಒಂದು ಗಿಂಡಿ. ಪುಸ್ತಕದಲ್ಲಿ ಅದಕ್ಕೆ ಏನೇನೋ ದೊಡ್ಡ ಹೆಸರಿದೆ. ಆದರೆ ಮೂತಿ ಇರುವ ಆ ಪಾತ್ರೆ ನೋಡಿದರೆ ನಮ್ಮ ಗಿಂಡಿಯೇ. ಕೆಂಪು ಮೈ, ಕಪ್ಪು ಗೆರೆ.

ಯಾಕೆ ಮನೆಯೊಳಗೆ? ತಿಳಿದವರು ಹೇಳಿ.

ಚಹಾಕಪ್ಪು
ನೆಲದ ಕೆಳಗೆ ಹೆಣ ಇಟ್ಟುಕೊಂಡು ನಿದ್ದೆ ಹೇಗೆ ಬರ್ತಿತ್ತು ಗುರೂ. ನನಗೆ ಮೇಲಿನ ಮನೆಯವರು ಕುರ್ಚಿ ಎಳೆದರೇ ನಿದ್ದೆ ಬರಲ್ಲ.

ಬಳ್ಳಾರಿ ಬಂಡೆ
ಭೀಮಾತೀರ ಅವರೇ, ಅದಕ್ಕೆ ಪುಣೆಗೆ ಯಾಕೆ ಹೋದಿರಿ? ನಮ್ಮ ಕಡೆಯೂ ಇದೇ ಪದ್ಧತಿ ಇತ್ತು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆ ಗುಡ್ಡದಲ್ಲಿ 1963-64ರಲ್ಲಿ ಎಂ.ಎಸ್. ನಾಗರಾಜರಾಯರು ಅಗೆದರು. ಮುಂದೆ ಎಎಸ್‌ಐ (ಕೇಂದ್ರ ಪುರಾತತ್ವ ಇಲಾಖೆ) ಮಹಾನಿರ್ದೇಶಕರಾದರಲ್ಲ, ಅವರೇ. ಅಲ್ಲಿನ ಮನೆಗಳು ಗುಂಡಗೆ. ದೊಡ್ಡ ಬಂಡೆಗಳ ಸಂದಿಯಲ್ಲಿ ಜಾಗ ಮಾಡಿಕೊಂಡು ಕಟ್ಟಿದ್ದರು. ಅಲ್ಲೂ ಮಕ್ಕಳಿಗೆ ಮಡಕೆ, ದೊಡ್ಡವರಿಗೆ ಉದ್ದಕ್ಕೆ ಮಲಗಿಸಿದ ಗುಂಡಿ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ವೀಲರ್ ಅಗೆದಾಗಲೂ ಮಕ್ಕಳ ಮಡಕೆ ಸಿಕ್ಕಿವೆ. ತುಂಗಭದ್ರಾ ದಂಡೆಯ ಹಳ್ಳೂರಿನಲ್ಲೂ ಇದೆ, ಸುರಪುರದ ಹತ್ತಿರದ ಬೂದಿಹಾಳದಲ್ಲೂ ಇದೆ.

ಒಂದು ವ್ಯತ್ಯಾಸ ಇದೆ. ನಮ್ಮ ಕಡೆ ಹೆಚ್ಚಾಗಿ ಒಂದೇ ಮಡಕೆ, ನೆಟ್ಟಗೆ ನಿಲ್ಲಿಸಿ ಮೇಲೆ ಮುಚ್ಚುವುದು. ಬಾಯಿಗೆ ಬಾಯಿ ಸೇರಿಸಿ ಅಡ್ಡ ಮಲಗಿಸುವುದು ಮಹಾರಾಷ್ಟ್ರದ ಕಡೆ ಜಾಸ್ತಿ. ತೆಕ್ಕಲಕೋಟೆಯಲ್ಲಿ ಆಮೇಲಿನ ಕಾಲಕ್ಕೆ ದೊಡ್ಡವರನ್ನೂ ಸಾಲಾಗಿ ಜೋಡಿಸಿದ ಹಲವು ಮಡಕೆಗಳಲ್ಲಿ ಇಟ್ಟಿದ್ದಾರೆ.

ಬಳ್ಳಾರಿ ಊರೊಳಗೆ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ಮ್ಯೂಸಿಯಂ ಇದೆ. ಪುರಾತತ್ವಜ್ಞ ರವಿ ಕೋರಿಶೆಟ್ಟರ್ ಅವರು ಹಟ ಹಿಡಿದು ಮಾಡಿಸಿದ್ದು. ರಜೆಗೆ ಊರಿಗೆ ಬಂದಾಗ ನೋಡಿ.

ಹಿತ್ತಲಮನೆ
ನಾನು ಇತಿಹಾಸ ಓದಿದವಳಲ್ಲ. ಆದರೆ ಇದನ್ನು ಓದಿದಾಗ ಮೈ ಜುಮ್ಮೆಂದಿತು.

ನಮ್ಮ ಅಜ್ಜಿ ಮನೆ ಹಾಸನ ಕಡೆಯ ಒಂದು ಹಳ್ಳಿ. ಬಾಣಂತನ ಎಲ್ಲ ಮನೆಯಲ್ಲೇ ಆಗುತ್ತಿದ್ದ ಕಾಲ. ಮಗು ಹುಟ್ಟಿದ ಮೇಲೆ ಮಾಸು ಬರುತ್ತದಲ್ಲ, ಅದನ್ನು ಎಸೆಯುತ್ತಿರಲಿಲ್ಲ. ಹೊಸ ಮಡಕೆಯಲ್ಲಿ ಹಾಕಿ, ಬಾಯಿ ಮುಚ್ಚಿ, ಬಚ್ಚಲ ಹಿಂದೆ ಹಿತ್ತಲಲ್ಲಿ ಹೂಳುತ್ತಿದ್ದರು. ನಾಯಿ ಕೆದಕಬಾರದು ಅಂತ ಮೇಲೆ ಕಲ್ಲು. ನಾಯಿ ಮುಟ್ಟಿದರೆ ಮಗುವಿಗೆ ಆಗಲ್ಲ ಅಂತ ನಂಬಿಕೆ. ಆ ಮೂಲೆಗೆ ಬಿಸಿನೀರು ಚೆಲ್ಲಿದರೆ ಅಜ್ಜಿ ಬೈಯುತ್ತಿದ್ದರು. ನಾನು ಒಮ್ಮೆ ಅನ್ನ ಬಸಿದ ಗಂಜಿ ಅಲ್ಲಿ ಚೆಲ್ಲಿ ಏಟು ತಿಂದಿದ್ದೇನೆ.

ಮಡಕೆ, ಮನೆ ಹತ್ತಿರದ ಮಣ್ಣು, ಮಗು. ಒಂದೇ ಥರ ಅಲ್ವಾ?

ಸಂದೇಹಿ
ಒಂದೇ ಥರ ಕಾಣುತ್ತದೆ ಅಕ್ಕ, ಒಂದೇ ಅಂತ ಹೇಳಲಾಗದು. ಮಧ್ಯದಲ್ಲಿ ಮೂರು ಸಾವಿರ ವರ್ಷ ಇದೆ. ಮಡಕೆ ಅಂದರೆ ಆ ಕಾಲದ ಡಬ್ಬ, ಪೆಟ್ಟಿಗೆ, ಬುಟ್ಟಿ ಎಲ್ಲವೂ. ಕಾಳು ಇಡಲು ಮಡಕೆ, ನೀರಿಗೆ ಮಡಕೆ, ಮಗುವಿಗೂ ಮಡಕೆ. ಹೊಟ್ಟೆಯ ಹಾಗಿದೆ, ಗರ್ಭದ ಸಂಕೇತ ಅಂತ ತುಂಬ ಜನ ಬರೆದಿದ್ದಾರೆ. ಚೆನ್ನಾಗಿದೆ ಕೇಳಲು. ಆದರೆ ಯಾರೂ ಹೋಗಿ ಕೇಳಿಲ್ಲವಲ್ಲ.

ಹಿತ್ತಲಮನೆ
ಸರಿ ಸರ್. ಆದರೆ ಕೈಗೆ ಸಿಕ್ಕಿದ ಡಬ್ಬ ಅಂತಾದರೆ ಒಂದು ಮಡಕೆ ಸಾಕಿತ್ತು. ಎರಡು ತಂದು ಬಾಯಿಗೆ ಬಾಯಿ ಕೂರಿಸುವುದು ಯಾಕೆ? ಗಿಂಡಿ ಯಾಕೆ? ತಾಯಿಯಾದವಳಿಗೆ ಇದು ಡಬ್ಬದ ಲೆಕ್ಕ ಅನ್ನಿಸುವುದಿಲ್ಲ.

ಭೀಮಾತೀರ
ಇಬ್ಬರ ಮಾತೂ ಕೇಳಿಸಿತು. ಇನ್ನೊಂದು ವಿಷಯ ಹೇಳುತ್ತೇನೆ, ಇದರ ಬಗ್ಗೆ ಜಗಳ ಆಗೇ ಆಗುತ್ತದೆ.

ಇನಾಮಗಾಂವ್‌ನಲ್ಲಿ ದೊಡ್ಡವರು ಸತ್ತರೆ ಮಡಕೆ ಇಲ್ಲ. ಗುಂಡಿಯಲ್ಲಿ ಅಂಗಾತ ಮಲಗಿಸುತ್ತಿದ್ದರು, ತಲೆ ಉತ್ತರಕ್ಕೆ. ಪಕ್ಕದಲ್ಲಿ ಅನ್ನ ನೀರಿಗೆ ಅಂತ ಪಾತ್ರೆ. ಇದೂ ಮನೆಯೊಳಗೆ ಇಲ್ಲವೇ ಅಂಗಳದಲ್ಲಿ. ಆದರೆ ಹೂಳುವ ಮೊದಲು ಪಾದ ಕತ್ತರಿಸುತ್ತಿದ್ದರು. ಹರಡಿನ ಕೆಳಗಿನ ಭಾಗ ಇಲ್ಲ. ಒಬ್ಬಿಬ್ಬರದಲ್ಲ, ಅದೇ ರೂಢಿ. ಮಕ್ಕಳಿಗೆ ಹೀಗೆ ಮಾಡುತ್ತಿರಲಿಲ್ಲ.

ಅಗೆದವರು ಕೊಟ್ಟ ವಿವರಣೆ: ಸತ್ತವರು ಎದ್ದು ಮನೆ ಬಿಟ್ಟು ಹೋಗಬಾರದು ಅಂತ.

ಚಹಾಕಪ್ಪು
ಈಗ ನಿಜವಾಗಲೂ ನಿದ್ದೆ ಬರಲ್ಲ.

ಗುಡ್ಡದ ಗೂಬೆ
ಬಿಟ್ಟು ಹೋಗಬಾರದು ಅಂತಲೋ, ಬರಬಾರದು ಅಂತಲೋ? ನಮ್ಮಲ್ಲಿ ದೆವ್ವದ ಕಥೆ ಎಲ್ಲ ಕಾಲಿನ ಸುತ್ತಲೇ. ಪಾದ ಹಿಂದೆ ಮುಂದೆ, ಕಾಲು ನೆಲಕ್ಕೆ ತಾಗಲ್ಲ, ಗೆಜ್ಜೆ ಸದ್ದು. ಬಾಣಂತಿ ಸತ್ತರೆ ಹೊಸಿಲಿಗೆ ಮೊಳೆ ಹೊಡೆಯುವುದನ್ನು ನಮ್ಮ ಓಣಿಯಲ್ಲಿ ಕಣ್ಣಾರೆ ನೋಡಿದ್ದೇನೆ. ಬಾಗಿಲ ಮೇಲೆ ಸುಣ್ಣದಲ್ಲಿ "ನಾಳೆ ಬಾ" ಬರೆದ ಕಾಲ ಇಲ್ಲಿ ಎಷ್ಟು ಜನಕ್ಕೆ ನೆನಪಿದೆಯೋ. ದೆವ್ವ ಬಂದು ಓದಿಕೊಂಡು ವಾಪಸ್ ಹೋಗುತ್ತದೆ ಅಂತ. ನಮ್ಮ ದೆವ್ವಕ್ಕೆ ಕನ್ನಡ ಓದಲು ಬರುತ್ತಿತ್ತು, ಅದು ಸಮಾಧಾನ.

ಬಳ್ಳಾರಿ ಬಂಡೆ
😂 ನಮ್ಮ ಮನೆ ಬಾಗಿಲ ಮೇಲೂ ಇತ್ತು.

ಸಂದೇಹಿ
ಗೂಬೆಯವರ ಪ್ರಶ್ನೆ ಸರಿಯಾಗಿದೆ. ಹೆದರಿಕೆ ಇದ್ದರೆ ಊರಾಚೆ ಹೂಳಬೇಕಿತ್ತು. ಇವರು ಮನೆಯೊಳಗೇ ಹೂಳಿ ಪಾದ ಕತ್ತರಿಸಿದ್ದಾರೆ. ಅಂದರೆ ಓಡಿಸುವುದಲ್ಲ, ಇಟ್ಟುಕೊಳ್ಳುವುದು. ನನಗೂ ಹಾಗೇ ಅನ್ನಿಸುತ್ತದೆ, ಅಷ್ಟು ಒಪ್ಪುತ್ತೇನೆ.

ಹಳೇ ಮೈಸೂರು
ಉತ್ತರಕ್ಕೆ ತಲೆ! ನಮ್ಮ ಮನೆಯಲ್ಲಿ ಉತ್ತರಕ್ಕೆ ತಲೆ ಹಾಕಿ ಮಲಗಿದರೆ ದಿಂಬು ಕಿತ್ತು ಎಬ್ಬಿಸುತ್ತಿದ್ದರು. ಗಣಪತಿಗೆ ತಲೆ ತಂದ ಕಥೆಯಲ್ಲೂ ಉತ್ತರಕ್ಕೆ ತಲೆ ಹಾಕಿ ಮಲಗಿದ ಆನೆಯದ್ದೇ ತಲೆ. ಈಗ ವಾಟ್ಸಾಪಿನಲ್ಲಿ ಭೂಮಿಯ ಅಯಸ್ಕಾಂತ ಅಂತ ಓಡುತ್ತಿದೆ. ಅದು ಬಿಡಿ. ಮೂರು ಸಾವಿರ ವರ್ಷದ ಹಿಂದೆ ಹೆಣದ ತಲೆ ಉತ್ತರಕ್ಕೆ, ಇವತ್ತು ಬದುಕಿದವರ ತಲೆ ಉತ್ತರಕ್ಕೆ ಬೇಡ. ಇದನ್ನು ಹೇಗೆ ಇಲ್ಲ ಅನ್ನುತ್ತೀರಿ ಸಂದೇಹಿ ಸರ್?

ಸಂದೇಹಿ
ಇಲ್ಲ ಅನ್ನಲ್ಲ, ಹೌದು ಅನ್ನಲೂ ಆಗದು. ನಮ್ಮ ಕಡೆ ಹೆಣದ ತಲೆ ದಕ್ಷಿಣಕ್ಕೆ ಹಾಕುತ್ತಾರೆ, ಯಮನ ದಿಕ್ಕು ಅಂತ. ನಿಮ್ಮ ಬೀದಿಯಲ್ಲೇ ನಾಲ್ಕು ಮನೆ ಕೇಳಿ, ಎರಡು ಉತ್ತರ ಬರುತ್ತದೆ. ಹೊಂದುವುದನ್ನು ಎತ್ತಿಕೊಂಡು ಹೊಂದದ್ದನ್ನು ಬಿಟ್ಟರೆ ಎಲ್ಲವೂ ಹೊಂದುತ್ತದೆ.

ಕೊರಲೆ ರೊಟ್ಟಿ
ಸಾವಿನ ಮಾತು ಸಾಕು, ಸ್ವಲ್ಪ ಊಟದ ಮಾತು ಆಡಿ. ಇವರು ಏನು ಬೆಳೆಯುತ್ತಿದ್ದರು, ಏನು ತಿನ್ನುತ್ತಿದ್ದರು?

ಭೀಮಾತೀರ
ಮುಖ್ಯವಾಗಿ ಬಾರ್ಲಿ, ಅಂದರೆ ಜವೆಗೋಧಿ. ಗೋಧಿಯೂ ಇತ್ತು. ಭತ್ತ, ಬೇಳೆಕಾಳು, ಬಟಾಣಿ, ಎಳ್ಳು, ಸಿರಿಧಾನ್ಯದ ಕಾಳುಗಳೂ ಸಿಕ್ಕಿವೆ. ಸುಟ್ಟು ಕರಿಯಾದ ಕಾಳು ಮಾತ್ರ ಇಷ್ಟು ವರ್ಷ ಉಳಿಯುತ್ತದೆ. ಯಾರೋ ಒಲೆ ಮುಂದೆ ಕೈ ಜಾರಿಸಿದ್ದರಿಂದ ನಮಗೆ ಮೆನು ಗೊತ್ತಾಯಿತು ಅನ್ನಿ. ಬೋರೆಹಣ್ಣು, ನೇರಳೆ, ನೆಲ್ಲಿ ಆರಿಸಿ ತರುತ್ತಿದ್ದರು. ಮಾಂಸವೂ ಧಾರಾಳ. ದನ, ಎಮ್ಮೆ, ಆಡು, ಕುರಿ, ಜಿಂಕೆ, ಕಡವೆ, ಮೊಲ, ಮೀನು, ಆಮೆ, ಏಡಿ. ಎಲುಬಿನ ಮೇಲೆ ಕೊಯ್ದ ಗುರುತು ಇವೆ. ಮೊಸಳೆಯದೂ ಇದೆ!

ಮನೆ ಸುಮಾರು ಐದು ಮೀಟರ್ ಉದ್ದ, ಮೂರು ಮೀಟರ್ ಅಗಲ. ಗಿಡ್ಡ ಮಣ್ಣಿನ ಗೋಡೆ, ಮೇಲೆ ಹುಲ್ಲಿನ ಚಾವಣಿ, ನಡುವೆ ಒಂದು ಅಡ್ಡಗೋಡೆ. ಒಳಗೆ ಬೆಂಕಿ ಗುಂಡಿ. ಪಕ್ಕದಲ್ಲಿ ನಾಲ್ಕು ಚಪ್ಪಟೆ ಕಲ್ಲು. ಮೊದಲು ಇದೇನು ಅಂತ ನನಗೆ ತಿಳಿಯಲಿಲ್ಲ. ಕಾಳು ತುಂಬುವ ದೊಡ್ಡ ವಾಡೆಯನ್ನು ಅದರ ಮೇಲೆ ಕೂರಿಸುತ್ತಿದ್ದರಂತೆ, ತೇವ ತಾಗದಿರಲಿ ಅಂತ. ನಮ್ಮ ಅಮ್ಮ ಜೋಳದ ಚೀಲದ ಕೆಳಗೆ ಇಟ್ಟಿಗೆ ಇಡುತ್ತಾರೆ, ಅದೇ ಬುದ್ಧಿ. ನೆಲದಲ್ಲಿ ಹಗೇವೂ ಇತ್ತು. ನದಿ ನೀರನ್ನು ತಿರುಗಿಸಲು ಕಾಲುವೆ, ಅದಕ್ಕೆ ಒಡ್ಡು. ಅದನ್ನು ಒಂದು ಮನೆಯವರು ಮಾಡಲಾಗದು, ಊರೆಲ್ಲ ಸೇರಬೇಕು. ಕುಂಬಾರ, ಸುಣ್ಣ ಸುಡುವವ, ಅಕ್ಕಸಾಲಿ, ದಂತದ ಕೆಲಸದವ ಇವರ ಮನೆಗಳು ಊರಿನ ಪಡುವಣ ಅಂಚಿಗೆ.

ತಾಮ್ರ ಇತ್ತು, ಆದರೆ ದುಬಾರಿ. ದಿನದ ಕೆಲಸ ಎಲ್ಲ ಕಲ್ಲಿನ ಅಲಗಿನಲ್ಲೇ.

ಕೊರಲೆ ರೊಟ್ಟಿ
ನನ್ನ ಹೆಸರಿನ ಕಥೆ ಈಗ ಹೇಳಬಹುದು. ಬಳ್ಳಾರಿ ಕಡೆಯ ಬೂದಿದಿಬ್ಬದ (ಸಗಣಿ ಸುಟ್ಟ ಬೂದಿ ಗುಡ್ಡೆಯಾದದ್ದು) ಕಾಲದ ರೈತರ ಮುಖ್ಯ ಕಾಳುಗಳಲ್ಲಿ ಕೊರಲೆ ಒಂದು. ಹುರುಳಿ, ಹೆಸರು, ಕೊರಲೆ. ಡೋರಿಯನ್ ಫುಲ್ಲರ್ ಮತ್ತು ಕೋರಿಶೆಟ್ಟರ್ ತಂಡ ಮಣ್ಣನ್ನು ನೀರಿಗೆ ಹಾಕಿ, ತೇಲಿ ಬಂದ ಕರಕಲು ಕಾಳು ಆರಿಸಿ ಕಂಡುಹಿಡಿದದ್ದು. ತುಮಕೂರು ಕಡೆ ಈಗ ಮತ್ತೆ ಕೊರಲೆ ಹಾಕುತ್ತಿದ್ದಾರಲ್ಲ, ಅದೇ ಕಾಳು. ಅಂದರೆ ಇನಾಮಗಾಂವ್‌ನವರು ಹಿಂಗಾರಿನ ಜವೆಗೋಧಿ ನಂಬಿದರು, ನಮ್ಮವರು ಮುಂಗಾರಿನ ಕೊರಲೆ ಹುರುಳಿ ನಂಬಿದರು. ಅಲ್ಲಿ ಕಾಲುವೆ ತೋಡಿದ್ದಕ್ಕೂ ಇದೇ ಕಾರಣ ಇರಬಹುದು.

ಸಂಗನಕಲ್ಲು ಗುಡ್ಡ ಹತ್ತಿದರೆ ಬಂಡೆಯ ಮೇಲೆ ಅರೆದು ಅರೆದು ತಗ್ಗಾದ ಗುಳಿಗಳಿವೆ. ಒಂದರಲ್ಲಿ ಕೈ ಇಟ್ಟು ನೋಡಿದೆ. ಅಂಗೈ ಸರಿಯಾಗಿ ಕೂರುತ್ತದೆ, ಗಾಜಿನಷ್ಟು ನುಣುಪು. ಎಷ್ಟು ಹೆಂಗಸರ ತೋಳು ಸೋತಿರಬೇಕು. ಗಂಡಸರು ಅರೆದಿಲ್ಲ ಅಂತ ನನಗೆ ಯಾವ ಪುರಾವೆಯೂ ಬೇಡ.

ಸಂದೇಹಿ
ಪುರಾವೆ ಬೇಕು ಅಂತ ನಾನು ಹೇಳಿದರೆ ಹೊಡೆಯುತ್ತೀರಿ.

ಕೊರಲೆ ರೊಟ್ಟಿ
ಹೌದು.

ಮಣ್ಣಿನ ಬೊಂಬೆ
ಇನಾಮಗಾಂವ್ ಅಂದ ಮೇಲೆ ಆ ಪೆಟ್ಟಿಗೆ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಒಂದು ಮನೆಯ ನೆಲದ ಕೆಳಗೆ ಮುಚ್ಚಳ ಇರುವ ಸಣ್ಣ ಮಣ್ಣಿನ ಪೆಟ್ಟಿಗೆ. ಒಳಗೆ ತಲೆ ಇಲ್ಲದ ಹೆಣ್ಣು ಬೊಂಬೆ. ಮುಚ್ಚಳದ ಮೇಲೆ ತಲೆ ಇರುವ ಇನ್ನೊಂದು ಬೊಂಬೆ, ಒಂದು ಎತ್ತು. ತಲೆ ಇಲ್ಲದವಳ ಹೊಟ್ಟೆಯಲ್ಲಿ ತೂತು, ಎತ್ತಿನ ಬೆನ್ನಲ್ಲಿ ತೂತು. ನಡುವೆ ಕಡ್ಡಿ ಸಿಕ್ಕಿಸಿದರೆ ಅವಳು ಎತ್ತಿನ ಮೇಲೆ ನಿಲ್ಲುತ್ತಾಳೆ. ಎಲ್ಲ ಹಸಿ ಮಣ್ಣು, ಸುಟ್ಟಿದ್ದಲ್ಲ. ಅಂದರೆ ಕಾಯಂ ಇಡಲು ಮಾಡಿದ್ದಲ್ಲ ಅನ್ನಿಸುತ್ತದೆ, ನಾವು ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ಹಾಗೆ. ಬಾದಾಮಿ ಮ್ಯೂಸಿಯಂನ ಲಜ್ಜಾಗೌರಿಗೂ ಮನುಷ್ಯರ ತಲೆ ಇಲ್ಲ, ಕಮಲ ಇದೆ. ಸಂದೇಹಿ ಸರ್ ಬೈಯುವ ಮೊದಲೇ ಹೇಳುತ್ತೇನೆ, ನಡುವೆ ಒಂದೂವರೆ ಸಾವಿರ ವರ್ಷಕ್ಕಿಂತ ಜಾಸ್ತಿ ಇದೆ, ಗೊತ್ತು.

ಶರಣು ಶರಣಾರ್ಥಿ
ಭೀಮಾತೀರ ಅವರೇ, ಕೂತ ಭಂಗಿಯಲ್ಲಿ ಹೂಳಿದ್ದೂ ಅಲ್ಲಿ ಇದೆಯಂತಲ್ಲ? ನಮ್ಮಲ್ಲಿ ಕೂರಿಸಿಯೇ ಹೂಳುವುದು. ತಂದೆಯವರಿಗೂ ಹಾಗೇ ಮಾಡಿದೆವು, ಕಾಲು ಮಡಿಸಿ ಕೂರಿಸಿ, ಕೈಯಲ್ಲಿ ಲಿಂಗ ಇಟ್ಟು.

ಭೀಮಾತೀರ
ಇದೆ ಸರ್, ಆದರೆ ಅದು ಒಬ್ಬನಿಗೆ ಸಿಕ್ಕ ಮರ್ಯಾದೆ ಅನ್ನಿಸುತ್ತದೆ. ಊರ ನಡುವೆ ಐದು ಕೋಣೆಯ ಮನೆ, ಪಕ್ಕದಲ್ಲೇ ಕಣಜ. ಉಳಿದವರದೆಲ್ಲ ಒಂದು, ಎರಡು ಕೋಣೆ. ಆ ಮನೆಯ ಅಂಗಳದಲ್ಲಿ ನಾಲ್ಕು ಕಾಲಿನ, ಹೊಟ್ಟೆ ಉಬ್ಬಿದ ದೊಡ್ಡ ಮಣ್ಣಿನ ವಾಡೆ. ಅದರೊಳಗೆ ಒಬ್ಬ ಗಂಡಸು, ಕಾಲು ಮಡಿಸಿ ಕೂತಿದ್ದಾನೆ. ಪಾದ ಎರಡೂ ಇವೆ! ಊರಿಗೆಲ್ಲ ಒಂದು ಕಾನೂನು, ಇವನಿಗೆ ಇನ್ನೊಂದು. ಊರ ಗೌಡ ಅಂತ ಧವಳೀಕರ್ ಅವರ ಅಂದಾಜು. ಬೆಳೆಯಲ್ಲಿ ಒಂದು ಪಾಲು ಆ ಕಣಜಕ್ಕೆ ಬರುತ್ತಿತ್ತು ಅಂತಲೂ ಅವರು ಯೋಚಿಸಿದ್ದಾರೆ.

ಲಿಂಗಾಯತ ಪದ್ಧತಿಗೂ ಇದಕ್ಕೂ ನಂಟು ಹೇಳುವ ಧೈರ್ಯ ನನಗಿಲ್ಲ. ಬಸವಣ್ಣನವರಿಗೂ ಆ ವಾಡೆಗೂ ನಡುವೆ ಎರಡು ಸಾವಿರ ವರ್ಷ ಇದೆ.

ಶರಣು ಶರಣಾರ್ಥಿ
ನಂಟು ಬೇಕು ಅಂತ ಕೇಳಿದ್ದಲ್ಲ. ಅಪ್ಪನನ್ನು ಕೂರಿಸುವಾಗ ಮೊಣಕಾಲು ಮಡಿಸಲು ಆಗದೆ ಎಷ್ಟು ಕಷ್ಟ ಆಯಿತು ಅಂತ ನೆನಪಾಯಿತು. ಬೇಗ ಮಾಡಬೇಕು, ಹೊತ್ತಾದರೆ ಮೈ ಸೆಟೆದುಕೊಳ್ಳುತ್ತದೆ. ಆ ವಾಡೆಯೊಳಗೆ ಕೂರಿಸಿದವರಿಗೂ ಅದೇ ಅವಸರ ಇದ್ದಿರಬೇಕು.

ಬಳ್ಳಾರಿ ಬಂಡೆ
🙏

ಹಳೇ ಮೈಸೂರು
ಇಷ್ಟು ಚೆನ್ನಾಗಿದ್ದ ಊರನ್ನು ಯಾಕೆ ಬಿಟ್ಟರು?

ಭೀಮಾತೀರ
3000 ವರ್ಷದ ಹಿಂದಿನ ಹೊತ್ತಿಗೆ ಚೌಕದ ಮನೆ ಹೋಗಿ ಸಣ್ಣ ಗುಂಡನೆ ಗುಡಿಸಲು ಬರುತ್ತವೆ. ಮೂರು ನಾಲ್ಕು ಗುಡಿಸಲಿಗೆ ಒಂದು ಅಂಗಳ. ಬೇಸಾಯ ಕಡಿಮೆ, ಬೇಟೆ ಮತ್ತು ಆಡು ಕುರಿ ಜಾಸ್ತಿ. ಮಳೆ ಕೈಕೊಟ್ಟಿತು ಅಂತ ಧವಳೀಕರ್ ಬರೆದರು. ಆಮೇಲೆ ಗ್ವೆನ್ ರಾಬಿನ್ಸ್ ಶುಗ್ ಅನ್ನುವವರು ಅದೇ ಮಡಕೆಗಳ ಮಕ್ಕಳ ಎಲುಬು ಅಳೆದರು. ಕೊನೆಯ ಕಾಲದ ಮಕ್ಕಳ ಮೈ ವಯಸ್ಸಿಗೆ ತಕ್ಕಂತೆ ತುಂಬಿಕೊಂಡಿರಲಿಲ್ಲ. ಆದರೆ ಇದ್ದಕ್ಕಿದ್ದಂತೆ ಮಳೆ ನಿಂತಿದ್ದೇ ಕಾರಣ ಅನ್ನುವುದನ್ನು ಅವರು ಒಪ್ಪಲ್ಲ.

ಅಲ್ಲಿ ಸಿಕ್ಕ ಸಮಾಧಿಗಳಲ್ಲಿ ಹೆಚ್ಚಿನವು ಮಕ್ಕಳವೇ. ಅದನ್ನು ಓದಿದ ಮೇಲೆ ಆ ದಿಬ್ಬದ ಮೇಲೆ ಕಾಲಿಡಲು ಒಂಥರಾ ಆಯಿತು.

ಗುಡ್ಡದ ಗೂಬೆ
ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಮಗುವನ್ನು ತಿಪ್ಪೆಯಲ್ಲಿ ಉರುಳಿಸಿ ತಿಪ್ಪಣ್ಣ, ತಿಪ್ಪಮ್ಮ ಅಂತ ಹೆಸರಿಡುತ್ತಿದ್ದರು. ಕಸ ಅಂದುಕೊಂಡು ಸಾವು ಬಿಟ್ಟು ಹೋಗಲಿ ಅಂತ. ನಮ್ಮ ಮುತ್ತಜ್ಜ ತಿಪ್ಪಣ್ಣ. ಅವನಿಗಿಂತ ಮುಂಚೆ ನಾಲ್ಕು ಹೋಗಿದ್ದವಂತೆ.

ಸಂದೇಹಿ
ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಒಕ್ಕಲಾದರೆ ಹರಕೆಗೂ ಆ ಹೆಸರು ಇಡುತ್ತಾರೆ. ಆದರೆ ನಾಲ್ಕು ಹೋಗಿದ್ದವು ಅಂದ ಮೇಲೆ ನಾನು ಸುಮ್ಮನಿರುತ್ತೇನೆ.

ಬಳ್ಳಾರಿ ಬಂಡೆ
ಅಂದಹಾಗೆ, ಮಹಾರಾಷ್ಟ್ರದ ನೇವಾಸೆಯಲ್ಲಿ ಒಂದು ಮಗುವಿನ ಕೊರಳಲ್ಲಿ ತಾಮ್ರದ ಮಣಿಸರ ಇತ್ತು. ತಾಮ್ರದ ಕಿಲುಬು ಹಿಡಿದಿದ್ದರಿಂದ ಒಳಗಿನ ದಾರ ಕೊಳೆಯದೆ ಉಳಿದಿದೆ. ತಾಮ್ರ ದುಬಾರಿ ಅಂದಿರಲ್ಲ ಮೇಲೆ. ಆ ದುಬಾರಿ ಸರವನ್ನು ತೆಗೆದುಕೊಳ್ಳದೆ ಮಗುವಿನ ಜೊತೆಗೇ ಬಿಟ್ಟಿದ್ದಾರೆ.

ಹಿತ್ತಲಮನೆ
ಈ ಚರ್ಚೆ ಓದಿ ನಿನ್ನೆ ರಾತ್ರಿ ದೊಡ್ಡಮ್ಮನಿಗೆ ಫೋನ್ ಮಾಡಿದ್ದೆ. ಅವರಿಗೆ ಎಂಬತ್ತೆರಡು. ಹಿತ್ತಲ ಮೂಲೆಯಲ್ಲಿ ನಮ್ಮೆಲ್ಲರ ಮಾಸು ಹೂಳಿದ್ದರಲ್ಲ ದೊಡ್ಡಮ್ಮ, ಅದಕ್ಕೇ ಅಲ್ವಾ ಅಜ್ಜಿ ಬಿಸಿನೀರು ಚೆಲ್ಲಬೇಡ ಅಂತಿದ್ದಿದ್ದು ಅಂತ ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಮಾಸು ಹೂಳ್ತಿದ್ದಿದ್ದು ಬಾವಿ ಕಡೆ. ಆ ಮೂಲೇಲಿ ಇದ್ದಿದ್ದು ಮಗು. ನಿಮ್ಮಮ್ಮನಿಗಿಂತ ಮುಂಚೆ ಹುಟ್ಟಿದ್ದು. ಹನ್ನೊಂದು ದಿನ ಇತ್ತು."

ಊರಾಚೆ ತೆಗೆದುಕೊಂಡು ಹೋಗಲು ಗಂಡಸರು ಬಂದಿದ್ದರಂತೆ. ಅಜ್ಜಿ ಕೊಡಲಿಲ್ಲವಂತೆ. ನಮ್ಮ ಅಮ್ಮನಿಗೂ ಈ ವಿಷಯ ಗೊತ್ತಿರಲಿಲ್ಲ.

ಸಂದೇಹಿ
ಅಕ್ಕ, ಮಡಕೆಯಲ್ಲಿ ಇಟ್ಟಿದ್ದರಾ?

ಹಿತ್ತಲಮನೆ
ಕೇಳಿದೆ. ಇಲ್ಲ. ಅಜ್ಜಿಯ ಹಳೇ ಸೀರೆಯಲ್ಲಿ ಸುತ್ತಿದ್ದರಂತೆ. ಒಂದು ಹಾಲಿನ ಒಳಲೆ ಇಟ್ಟಿದ್ದರು ಅಂತ ಅಷ್ಟು ನೆನಪು.

ಭೀಮಾತೀರ
ಒಳಲೆಗೂ ಮೂತಿ ಇರುತ್ತದೆ.

ಸಂದೇಹಿ
ಹೌದು. ಆ ಜಾಗ ಈಗ ಹೇಗಿದೆ ಅಕ್ಕ?

ಹಿತ್ತಲಮನೆ
ಮನೆ ಮಾರಿ ಹನ್ನೆರಡು ವರ್ಷ ಆಯಿತು. ಕೊಂಡವರು ಹಿತ್ತಲಿಗೆ ಸಿಮೆಂಟ್ ಹಾಕಿಸಿದ್ದಾರೆ. ಹೋದ ಹಬ್ಬಕ್ಕೆ ಹೋದಾಗ ನೋಡಿದೆ, ಅಲ್ಲಿ ಬೈಕ್ ನಿಲ್ಲಿಸುತ್ತಾರೆ.